ರೇಷ್ಮೆಯಿಂದ ಕಟ್ಟಿದ ಹನ್ನೆರಡು ವಿಮಾನ

ನಮ್ಮ ಹುಲುಗಪ್ಪ ಮಾವನ ಬಗ್ಗೆ ರಾಯದುರ್ಗದಲ್ಲಿ ಓಡಾಡುವ ಕಥೆಗಳಲ್ಲಿ ಮುಕ್ಕಾಲು ಪಾಲು ಸುಳ್ಳು. ಉರಿಯುವ ವಿಮಾನದಿಂದ ಛತ್ರಿ ಹಿಡಿದು ಹಾರಿದನಂತೆ. ಮಡಕಶಿರದ ಬೆಟ್ಟದ ನೆತ್ತಿಯ ಮೇಲೆ ಇಳಿದನಂತೆ. ದೊರೆ ಬಂದು ಕೈಕುಲುಕಿ ಎದೆಗೆ ಪದಕ ಚುಚ್ಚಿದನಂತೆ. ಪದಕವಂತೆ, ಪದಕ! ಅವನ ಪೆಟ್ಟಿಗೆಯನ್ನು ನಾನೇ ಹತ್ತು ಸಲ ಬಿಸಿಲಿಗೆ ಹಾಕಿ ಒಳಗೆ ಇಟ್ಟಿದ್ದೇನೆ, ಅದರಲ್ಲಿ ಎರಡು ಖಾಕಿ ಅಂಗಿ, ಒಂದು ಸ್ಕ್ರೂಡ್ರೈವರು ಬಿಟ್ಟರೆ ಇನ್ನೇನೂ ಇರಲಿಲ್ಲ. ಹೇಳುವವನಿಗೆ ಬುದ್ಧಿ ಇಲ್ಲದಿದ್ದರೆ ಕೇಳುವವನಿಗಾದರೂ ಬೇಡವೇ?

ನಾನು ಅವನ ಅಕ್ಕನ ಮಗಳು, ಹಂಪಕ್ಕ. ಈ ಸಂಗತಿಯನ್ನು ಮಾವನ ಬಾಯಿಂದಲೇ ಮೂರು ಸಲ ಕೇಳಿದ್ದೇನೆ. ಸುಳ್ಳು ಹೇಳುವವನ ಕಥೆ ಸಲಸಲಕ್ಕೂ ಬೆಳೆಯುತ್ತದೆ. ಮಾವನದು ಮೂರು ಸಲವೂ ಅಷ್ಟೇ ಇತ್ತು, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಅದಕ್ಕೇ ನಂಬಿದ್ದೇನೆ, ಅದನ್ನೇ ಬರೆಯುತ್ತೇನೆ.

ಆಗ ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ಬಳ್ಳಾರಿ ಮದ್ರಾಸಿನ ಕೈಕೆಳಗಿತ್ತು. ನಮ್ಮದು ನೇಕಾರರ ಮನೆ. ತಾತ ಪೆದ್ದಣ್ಣ ರೇಷ್ಮೆ ಸೀರೆ ನೇಯುತ್ತಿದ್ದ. ನೂಲು ತಂದ ವ್ಯಾಪಾರಿ ಎಷ್ಟೇ ಆಣೆ ಪ್ರಮಾಣ ಮಾಡಲಿ, ತಾತ ಮಾತ್ರ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದು ಮೂಸಿ ನೋಡುವವನು. ಅಸಲಿ ರೇಷ್ಮೆ ಸುಟ್ಟರೆ ತಲೆಗೂದಲು ಸುಟ್ಟ ವಾಸನೆ ಬರುತ್ತದೆ. ಹತ್ತಿಯೋ ನಕಲಿ ರೇಷ್ಮೆಯೋ ಆದರೆ ಕಾಗದ ಸುಟ್ಟ ವಾಸನೆ. ಹುಲುಗಪ್ಪ ಮಾವನಿಗೆ ಹತ್ತು ವರ್ಷವಾಗುವಷ್ಟರಲ್ಲಿ ಅವನ ಮೂಗು ತಾತನ ಮೂಗನ್ನೂ ಮೀರಿಸಿತ್ತು. ಎರಡು ಮನೆ ಆಚೆ ಯಾರಾದರೂ ನೂಲು ಸುಟ್ಟರೆ ಮಗ್ಗದ ಗುಂಡಿಯಲ್ಲಿ ಕೂತೇ ಇಂಥದ್ದು ಅನ್ನುತ್ತಿದ್ದ.

ಮೂಗು ಮಗ್ಗದ ಮನೆಯಲ್ಲಿದ್ದರೂ ಮನಸ್ಸು ಕರೆಂಟಿನಲ್ಲಿತ್ತು. ಬಳ್ಳಾರಿಯ ಅಕ್ಕಿ ಗಿರಣಿಯೊಂದರಲ್ಲಿ ಡೈನಮೋ ನೋಡಿ ಬಂದ ದಿನದಿಂದ ಅವನಿಗೆ ಅದೇ ಹುಚ್ಚು. ಲಡಾಯಿ ಶುರುವಾಗಿ ವಿಮಾನದ ಫೌಜಿಗೆ ಜನ ಬೇಕು ಅಂತ ಡಂಗುರ ಹೊಡೆದಾಗ ಹೇಳದೆ ಕೇಳದೆ ಹೋಗಿ ಹೆಸರು ಬರೆಸಿದ. ಅಜ್ಜಿ ಉಜ್ಜಿನಮ್ಮ ಮೂರು ದಿನ ಅನ್ನ ಬಿಟ್ಟಳು. ನಾಲ್ಕನೆಯ ದಿನ ಅವನು ವಿಮಾನ ಓಡಿಸುವುದಿಲ್ಲ, ನೆಲದ ಮೇಲೆ ನಿಂತು ಅದರ ತಂತಿ ನೋಡಿಕೊಳ್ಳುವುದಷ್ಟೇ ಕೆಲಸ ಅಂತ ತಿಳಿದ ಮೇಲೆ ಉಂಡಳು.

ಸಾವಿರದ ಒಂಬೈನೂರ ನಲವತ್ನಾಲ್ಕರಲ್ಲಿ ಮಾವ ಬೆಂಗಳೂರಿನ ಆಚೆ, ಹುಡುಗರಿಗೆ ವಿಮಾನ ಹಾರಿಸಲು ಕಲಿಸುವ ಒಂದು ಮೈದಾನದಲ್ಲಿ ಎಲೆಕ್ಟ್ರಿಷಿಯನ್. ಅಲ್ಲಿದ್ದವು ಹನ್ನೆರಡು ಸಣ್ಣ ವಿಮಾನ. ಎರಡೇ ಸೀಟು, ಒಂದರ ಹಿಂದೆ ಒಂದು, ಮೇಲೆ ಗಾಜಿನ ಮುಚ್ಚಳ. ಮುಂದಿನವನು ಹಿಂದಿನವನ ಕೂಡ ಮಾತಾಡಲು ಒಂದು ರಬ್ಬರ್ ಕೊಳವೆ, ಬಾಯಿಟ್ಟು ಕೂಗಿದರೆ ಆ ತುದಿಯಲ್ಲಿ ಕಿವಿಗೆ ಕೇಳುತ್ತದೆ.

ಆ ವಿಮಾನಗಳಲ್ಲಿ ತಂತಿಗಳನ್ನು ಒಟ್ಟು ಸೇರಿಸಿ ಕಟ್ಟಲು ಸರಕಾರ ಕೊಡುತ್ತಿದ್ದದ್ದು ಮೇಣದ ದಾರ. ಮಳೆಗಾಲಕ್ಕೆ ಅದು ಸಡಿಲವಾಗಿ ತಂತಿ ಜೋತು ಬೀಳುತ್ತಿತ್ತು. ನೇಕಾರನ ಮಗನಿಗೆ ಸಡಿಲ ನೂಲು ಕಂಡರೆ ಮೈ ಉರಿಯುತ್ತದೆ. ನಮ್ಮಲ್ಲಿ ಹಾಸು, ಅಂದರೆ ಮಗ್ಗದ ಉದ್ದೆಳೆ, ಸಡಿಲವಾದರೆ ಸೀರೆಯೇ ಕೆಟ್ಟಿತು ಅಂತ ಲೆಕ್ಕ. ಮಾವ ತಾತನಿಗೆ ಕಾಗದ ಬರೆದ. ತಾತ ಮಗ್ಗದಲ್ಲಿ ಉಳಿದ ರೇಷ್ಮೆ ತುಂಡುಗಳನ್ನು ನಾಲ್ಕೆಳೆ ಹುರಿ ಮಾಡಿ, ಗಂಜಿ ಕುಡಿಸಿ, ಒಣಗಿಸಿ, ಪಾರ್ಸೆಲ್ ಕಳಿಸಿದ. ಆ ಹುರಿಯಿಂದ ಮಾವ ಹನ್ನೆರಡೂ ವಿಮಾನದ ತಂತಿಗಳನ್ನು ಅಂಗುಲಕ್ಕೊಂದು ಗಂಟಿನಂತೆ ಬಿಗಿದು ಕಟ್ಟಿದ. ಮೂರು ವಾರದ ಕೆಲಸ. ದೊಡ್ಡ ಸಾಹೇಬ ಬಂದು ನೋಡಿ, ಉಳಿದವರನ್ನೆಲ್ಲ ಕರೆದು, ಕೆಲಸ ಅಂದರೆ ಹೀಗಿರಬೇಕು ಅಂದನಂತೆ. ಮಾವ ಹಿಗ್ಗಿ ಹೀರೇಕಾಯಿಯಾದ.

ಅಲ್ಲಿ ಒಂದು ಕಟ್ಟಳೆ ಇತ್ತು. ವಿಮಾನಕ್ಕೆ ಕೈ ಹಾಕಿದವನು, ರಿಪೇರಿ ಆದ ಮೇಲೆ ಪೈಲಟ್ ಜೊತೆ ತಾನೂ ಒಂದು ಸುತ್ತು ಹಾರಿ ಬರಬೇಕು. ತನ್ನ ಜೀವವೂ ಅದರಲ್ಲಿದೆ ಅಂದರೆ ಕೈ ಜಾಗ್ರತೆಯಾಗಿ ಓಡುತ್ತದಲ್ಲ, ಅದಕ್ಕೆ. ಜನವರಿ ತಿಂಗಳ ಒಂದು ಬೆಳಿಗ್ಗೆ ಏಳನೇ ನಂಬರಿನ ವಿಮಾನದ ದೀಪ ರಿಪೇರಿ ಮಾಡಿದ ಮಾವ ಅದರ ಹಿಂದಿನ ಸೀಟಿಗೆ ಹತ್ತಿದ. ಮುಂದೆ ಕೂತವರು ಸಣ್ಣಬಸಪ್ಪನವರು. ಬಳ್ಳಾರಿಯ ಹತ್ತಿ ವ್ಯಾಪಾರಿಗಳ ಮನೆತನ, ಮದ್ರಾಸಿನಲ್ಲಿ ಬಿ.ಎ. ಓದಿದವರು, ವಯಸ್ಸು ಇಪ್ಪತ್ತೈದು ದಾಟಿರಲಿಲ್ಲ, ಆದರೂ ಹುಡುಗರಿಗೆ ಹಾರುವುದು ಕಲಿಸುವ ಗುರು. ಅವತ್ತು ಮಧ್ಯಾಹ್ನ ಮೂರು ಗಂಟೆಗೆ ಅವರ ಹನ್ನೊಂದು ಮಂದಿ ಹುಡುಗರು ಒಬ್ಬೊಬ್ಬರೇ ಒಂದೊಂದು ವಿಮಾನದಲ್ಲಿ ಹಿಂದೂಪುರ, ಮಡಕಶಿರ ಸುತ್ತಿ ಬರಬೇಕಿತ್ತು. ಅದಕ್ಕೆ ದಾರಿಯನ್ನೊಮ್ಮೆ ನೋಡಿಕೊಂಡು ಬರೋಣ ಅಂತ ಸಣ್ಣಬಸಪ್ಪನವರು ರೈಲು ಹಳಿಯ ಗುಂಟ ಉತ್ತರಕ್ಕೆ ಹಾರಿಸಿದರು.

ಮಡಕಶಿರದ ಬೆಟ್ಟ ಎಡಕ್ಕೆ ಕಾಣುವ ಹೊತ್ತಿಗೆ ಮಾವನ ಮೂಗಿಗೆ ವಾಸನೆ ಬಡಿಯಿತು.

ಕೂದಲು ಸುಟ್ಟ ವಾಸನೆ. ಮಾವ ತಲೆ ಮುಟ್ಟಿ ನೋಡಿಕೊಂಡ. ಟೋಪಿ ಇತ್ತು, ಕೂದಲೂ ಇತ್ತು. ಅಷ್ಟರಲ್ಲಿ ಹೊಗೆ ಕಂಡಿತು. ಅಂಥ ಮುಚ್ಚಿದ ವಿಮಾನದೊಳಗೆ ಗಾಳಿ ಹಿಂದಿನಿಂದ ಮುಂದಕ್ಕೆ ಹೋಗುತ್ತದಂತೆ. ಹೊಗೆ ಮಾವನ ಮೊಣಕಾಲ ಮುಂದಿನ ಹಲಗೆಯ ಹಿಂದೆ ಹುಟ್ಟಿ, ನೇರ ಸಣ್ಣಬಸಪ್ಪನವರ ಮುಖದ ಮುಂದೆ ತುಂಬಿಕೊಂಡಿತು. ಅವರಿಗೆ ಕಂಡದ್ದು ಎದುರಿಗೆ ಎಂಜಿನ್, ಎದುರಿಗೇ ಹೊಗೆ. ಕೊಳವೆಯಲ್ಲಿ ಕೂಗಿದರು:

"ಹುಲುಗಪ್ಪಾ! ಎಂಜಿನ್ನಿಗೆ ಬೆಂಕಿ ಬಿದ್ದೈತಿ! ಪೆಟ್ರೋಲ್ ಬಂದ್ ಮಾಡ್ತೀನಿ, ಗಟ್ಟಿಯಾಗಿ ಹಿಡಕೊಂಡು ಕೂಡು!"

ಎಂಜಿನ್ನಿಗೆ ಬೆಂಕಿ ಬಿದ್ದರೆ ಅದೇ ಸರಿಯಾದ ಕ್ರಮ. ಪೆಟ್ರೋಲು ನಿಲ್ಲಿಸಬೇಕು, ಎಂಜಿನ್ ಸತ್ತ ವಿಮಾನವನ್ನು ತೇಲಿಸಿಕೊಂಡು ಎಲ್ಲಿ ಸಿಕ್ಕರೆ ಅಲ್ಲಿ ಇಳಿಸಬೇಕು. ಆದರೆ ಕೆಳಗೆ ಏನಿತ್ತು? ಮಡಕಶಿರದ ಸುತ್ತಿನ ಗುಂಡುಗಳು! ಮನೆಯಷ್ಟು ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು. ಎಂಜಿನ್ ಇಲ್ಲದೆ ಇಳಿದರೆ ಇಬ್ಬರ ಮೂಳೆ ಆರಿಸಲೂ ಆಗುತ್ತಿರಲಿಲ್ಲ.

"ಬ್ಯಾಡ್ರಿ! ಪೆಟ್ರೋಲ್ ಮುಟ್ಟಬ್ಯಾಡ್ರಿ ಸಾಹೇಬ್ರ!" ಅಂತ ಮಾವ ಕಿರುಚಿದ. "ಎಂಜಿನ್ ಅಲ್ರಿ! ರೇಷ್ಮಿ ಸುಡಾಕತ್ತೈತಿ!"

"ರೇಷ್ಮಿನಾ? ತಲಿಗಿಲಿ ಕೆಟ್ಟೈತೇನೋ ನಿಂದು! ಕುಂಡಿ ಕೆಳಗಿನ ಪ್ಯಾರಾಚೂಟಾ?"

ಪ್ಯಾರಾಚೂಟೂ ರೇಷ್ಮೆಯದೇ, ಅದರ ಮೇಲೇ ಇಬ್ಬರೂ ಕೂತಿದ್ದರು, ಆದರೆ ಹಾರಿದರೆ ಅದು ಬಿಚ್ಚಿಕೊಳ್ಳುವಷ್ಟು ಎತ್ತರದಲ್ಲಿ ವಿಮಾನ ಇರಲಿಲ್ಲ. ಮಾವ ಕೈಯಿಂದ ತಡವಿ ನೋಡಿದ. ತಣ್ಣಗಿತ್ತು. ಹಾಗಾದರೆ ಆ ವಿಮಾನದಲ್ಲಿ ಇನ್ನೆಲ್ಲಿ ರೇಷ್ಮೆ? ಒಂದೇ ಒಂದು ಕಡೆ. ಹಲಗೆಯ ಹಿಂದೆ, ತಂತಿಯ ಕಟ್ಟಿನ ಮೇಲೆ, ತಾನೇ ಹಾಕಿದ ಗಂಟುಗಳಲ್ಲಿ. ಆ ಕ್ಷಣಕ್ಕೆ ತನಗೆ ಎರಡೂ ಒಟ್ಟಿಗೆ ತಿಳಿದವು ಅಂತ ಮಾವ ಹೇಳುತ್ತಿದ್ದ: ಬೆಂಕಿ ಎಲ್ಲಿದೆ ಅನ್ನುವುದು, ಅದನ್ನು ಹಚ್ಚಿದವರು ಯಾರು ಅನ್ನುವುದು.

"ಕರೆಂಟಿನ ಬೆಂಕಿ ಐತ್ರಿ! ಬ್ಯಾಟರಿ ಸ್ವಿಚ್ ಆರಸ್ರಿ! ಡೈನಮೋ ಸ್ವಿಚ್ಚೂ ಆರಸ್ರಿ! ಎಂಜಿನ್ ನಿಲ್ಲಂಗಿಲ್ರಿ, ನಿಮ್ಮ ಪಾದಕ್ಕ ಬೀಳ್ತೀನಿ!"

ಎಂಜಿನ್ ನಿಲ್ಲುವುದಿಲ್ಲ ಅನ್ನುವುದು ನಿಜ. ಆ ಎಂಜಿನ್ನಿಗೆ ಬೇಕಾದ ಕಿಡಿ ಬ್ಯಾಟರಿಯಿಂದ ಬರುವುದಲ್ಲ, ತಿರುಗುತ್ತ ತಿರುಗುತ್ತ ಅದೇ ಹುಟ್ಟಿಸಿಕೊಳ್ಳುತ್ತದೆ. ಬ್ಯಾಟರಿ ಆರಿಸಿದರೆ ದೀಪ ಹೋಗುತ್ತದೆ, ಮೀಟರಿನ ಒಂದೆರಡು ಮುಳ್ಳು ನಿಲ್ಲುತ್ತವೆ, ಅಷ್ಟೇ. ಸಣ್ಣಬಸಪ್ಪನವರಿಗೂ ಇದು ಗೊತ್ತಿದ್ದದ್ದೇ, ಆದರೆ ಮುಖದ ತುಂಬ ಹೊಗೆ ಇದ್ದಾಗ ಗೊತ್ತಿದ್ದದ್ದೂ ನೆನಪಿಗೆ ಬರುವುದಿಲ್ಲ. ನೆಲದಲ್ಲಿ ಕೆಲಸ ಮಾಡುವವನೊಬ್ಬ ಹಾರಿಸುವ ಸಾಹೇಬರಿಗೆ ಹುಕುಂ ಮಾಡುವುದು ಅಂದರೆ ಸಾಮಾನ್ಯವೇ? ಇನ್ನೊಬ್ಬರಾಗಿದ್ದರೆ ಕೇಳುತ್ತಲೇ ಇರಲಿಲ್ಲ. ಸಣ್ಣಬಸಪ್ಪನವರ ಒಂದು ಕೈ ಪೆಟ್ರೋಲಿನ ತಿರುಪಿನ ಮೇಲಿತ್ತು. ಆ ಕೈಯನ್ನು ಅಲ್ಲಿಂದ ತೆಗೆದು ಸ್ವಿಚ್ಚುಗಳನ್ನು ಆರಿಸಿದರು. ಎಂಜಿನ್ ಓಡುತ್ತಲೇ ಇತ್ತು.

ಹೊಗೆ ತಡೆಯಲಾರದೆ ಅವರು ಗಾಜಿನ ಮುಚ್ಚಳಕ್ಕೆ ಕೈ ಹಾಕಿದಾಗ ಮಾವ ಮತ್ತೆ ಕೂಗಿದ. "ತೆಗೀಬ್ಯಾಡ್ರಿ! ಗಾಳಿ ಬಂದ್ರ ಬೆಂಕಿ ಏಳ್ತೈತಿ. ತಡೀರಿ, ಮೊದಲು ಆರಸ್ತೀನಿ." ಗಾಳಿ ಬರುವ ಕಿಂಡಿ ಮುಚ್ಚಿದ. ಸೀಟಿನ ಪಕ್ಕದಲ್ಲಿದ್ದ, ಬೆಂಕಿ ಆರಿಸುವ ಹಿತ್ತಾಳೆಯ ಪಂಪು ಕಿತ್ತುಕೊಂಡು ಅದರ ಮೂತಿಯನ್ನು ಹಲಗೆಯ ಸಂದಿಗೆ ಇಟ್ಟು ಹೊಡೆದ, ಹೊಡೆದ, ಹೊಡೆದ. ಹಲಗೆಯ ಅಂಚಿಗೆ ತಗುಲಿ ಅಂಗೈ ಬೊಬ್ಬೆ ಎದ್ದದ್ದು ಆಮೇಲೆ ಗೊತ್ತಾಯಿತು. ಒಳಗಿನ ಕೆಂಪು ಹೋಯಿತು. ಆದರೆ ಆ ಪಂಪಿನ ಔಷಧಿ ಬಿಸಿ ತಗುಲಿದರೆ ವಿಷದ ಗಾಳಿಯಾಗುತ್ತದೆ, ಗಂಟಲು ಕೊಯ್ದ ಹಾಗಾಯಿತು. "ಈಗ ತೆಗೀರಿ! ಈಗ ತೆಗೀರಿ!" ಅಂದ. ಮುಚ್ಚಳ ಸರಿಯಿತು. ತಣ್ಣನೆಯ ಗಾಳಿ ನುಗ್ಗಿತು. ಇಬ್ಬರೂ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ, ಅಯ್ಯೋ ದೇವರೇ ಅಂತ ಉಸಿರೆಳೆದುಕೊಂಡರು.

"ಹುಲುಗಪ್ಪಾ, ಇದ್ದೀಯೇನೋ?"

"ಅದೀನ್ರಿ. ಸ್ವಿಚ್ ಮತ್ತ ಹಾಕಬ್ಯಾಡ್ರಿ. ಏನಾದ್ರೂ ಆಗ್ಲಿ, ಹಾಕಬ್ಯಾಡ್ರಿ."

ಎಂಜಿನ್ ಕೈಯಲ್ಲಿದ್ದುದರಿಂದ ಸಣ್ಣಬಸಪ್ಪನವರಿಗೆ ಜಾಗ ಹುಡುಕಲು ಪುರಸೊತ್ತು ಸಿಕ್ಕಿತು. ಬಂಡೆಗಳನ್ನು ದಾಟಿ ಮಡಕಶಿರದ ಆಚೆಯ ಗುಡಿಬಂಡೆ ಕಡೆ ಹೋದರೆ ಶೇಂಗಾ ಕಿತ್ತು ಬಯಲಾಗಿದ್ದ ಒಂದು ಉದ್ದನೆಯ ಹೊಲ ಕಂಡಿತು. ಒಂದು ಸುತ್ತು ತಗ್ಗಿನಲ್ಲಿ ಹಾರಿ ಹೊಲದಲ್ಲಿದ್ದ ಎತ್ತುಗಳನ್ನು ಓಡಿಸಿದರು. ಎರಡನೇ ಸುತ್ತಿಗೆ ಇಳಿಸಿದರು. ಮೂರು ಸಲ ಕುಪ್ಪಳಿಸಿ ವಿಮಾನ ನಿಂತಿತು. ಒಂಬತ್ತೂವರೆ ಗಂಟೆ. ಮಾವ ಇಳಿದವನೇ ಮಣ್ಣಿನ ಮೇಲೆ ಬೋರಲು ಮಲಗಿಬಿಟ್ಟ. ಮಣ್ಣಿನ ವಾಸನೆ ಅಷ್ಟು ಚೆನ್ನಾಗಿರುತ್ತದೆ ಅಂತ ಅವನಿಗೆ ಅದಕ್ಕೂ ಮುಂಚೆ ಗೊತ್ತಿರಲಿಲ್ಲವಂತೆ.

ಅಷ್ಟರಲ್ಲಿ ಹೊಲದ ಯಜಮಾನ ದೊಡ್ಡರಂಗಪ್ಪ ಚಾವಟಿ ಹಿಡಿದು ಬಂದ. "ಏನ್ರಯ್ಯಾ, ನಿಮ್ಗೆ ಆಕಾಸ ಸಾಲ್ದಾ? ನನ್ ಎತ್ತುಗ್ಳು ಗುಡಿಬಂಡೆ ದಾಟಿ ಓಗವೆ!" ಅವನ ಹಿಂದೆ ಅವನ ಹೆಂಡತಿ ಓಬಳಮ್ಮ ತುಂಬಿದ ಕೊಡ ಎತ್ತಿಕೊಂಡು ಓಡಿಬಂದು, ಹೊಗೆಯಾಡುತ್ತಿದ್ದ ವಿಮಾನಕ್ಕೆ ಸುರಿಯಲು ಹೋದಳು. ಮಾವ ಎದ್ದು ಅಡ್ಡ ನಿಂತ.

"ನೀರು ಬ್ಯಾಡವ್ವಾ! ಇದು ಕರೆಂಟಿನ ಬೆಂಕಿ, ನೀರು ಹಾಕಬಾರದು."

"ಒಗೆ ಬತ್ತಾ ಐತೆ, ನೀರು ಬ್ಯಾಡ ಅಂತೀಯ. ಮತ್ತೆ ಈ ಕೊಡ ಏನ್ ಮಾಡ್ಲಿ?"

ಮಾವ ಕೊಡ ಇಸಿದುಕೊಂಡು ಅರ್ಧ ತಾನು ಕುಡಿದು ಅರ್ಧ ಸಣ್ಣಬಸಪ್ಪನವರಿಗೆ ಕೊಟ್ಟ. ಓಬಳಮ್ಮ ನಗತೊಡಗಿದಳು. ಅವಳ ನಗು ನೋಡಿ ಸಣ್ಣಬಸಪ್ಪನವರೂ ನಕ್ಕರು. ದೊಡ್ಡರಂಗಪ್ಪ ಚಾವಟಿ ಕೆಳಗಿಟ್ಟ. ಆಮೇಲೆ ಎತ್ತುಗಳು ತಾವೇ ಬಂದವು.

ಹೊಗೆ ಪೂರ್ತಿ ನಿಂತ ಮೇಲೆ ಮಾವ ಬ್ಯಾಟರಿಯ ತಂತಿ ಬಿಚ್ಚಿಟ್ಟು ಹಲಗೆ ತೆಗೆದ. ಅವನು ಅಂದುಕೊಂಡದ್ದೇ ನಿಜವಾಗಿತ್ತು. ರೇಷ್ಮೆಯ ಹುರಿ ಸಣ್ಣದು, ಗಟ್ಟಿ, ಮೇಲೆ ಗಂಜಿ ಕುಡಿದು ಇನ್ನೂ ಗಟ್ಟಿ. ಎಂಜಿನ್ ನಡುಗಿದಾಗಲೆಲ್ಲ ಅದು ತಂತಿಯ ರಬ್ಬರನ್ನು ಎಳ್ಳಷ್ಟೆಳ್ಳಷ್ಟೇ ಕೊಯ್ದಿತ್ತು. ಮೇಣದ ದಾರ ಸಡಿಲವಿದ್ದದ್ದು ದಡ್ಡತನವಲ್ಲ, ನಡುಗುವ ತಂತಿಗೆ ಅಷ್ಟು ಸಡಿಲ ಬೇಕೇ ಬೇಕಾಗಿತ್ತು. ಮಗ್ಗದಲ್ಲಿ ಪುಣ್ಯವಾದದ್ದು ಇಲ್ಲಿ ಪಾಪವಾಗಿತ್ತು. ಅದೂ ಬ್ಯಾಟರಿಗೂ ಫ್ಯೂಸಿಗೂ ನಡುವಿನ ದಪ್ಪ ತಂತಿ, ಹಾಗಾಗಿ ಫ್ಯೂಸ್ ಹೋಗಿ ಕಾಪಾಡುವ ಮಾತೇ ಇರಲಿಲ್ಲ.

"ಏನಾಗಿತ್ತೋ?" ಅಂತ ಸಣ್ಣಬಸಪ್ಪನವರು ಬಗ್ಗಿ ಕೇಳಿದರು.

ಮಾವ ಸುಟ್ಟ ಕಟ್ಟನ್ನು ಕೈಯಲ್ಲಿ ಮುಚ್ಚಿಕೊಂಡ. "ಗೊತ್ತಾಗವಲ್ದ್ರಿ. ಎಲ್ಲಾ ಸುಟ್ಟು ಕರ್ರಗಾಗೈತಿ" ಅಂದ.

ನೋಡಿ, ಇದನ್ನು ಹೇಳುವಾಗ ಮಾವ ಮೂರು ಸಲವೂ ತಲೆ ತಗ್ಗಿಸಿದ್ದ. ನನಗಾದರೆ ಅವನ ಮೇಲೆ ಸಿಟ್ಟು ಬರುವುದಿಲ್ಲ. ಎರಡು ವರ್ಷದ ಹಿಂದಷ್ಟೇ ಕ್ವಿಟ್ ಇಂಡಿಯಾ ಗಲಾಟೆಯಲ್ಲಿ ದೇಶದಲ್ಲೆಲ್ಲ ಹಳಿ ಕಿತ್ತು ತಂತಿ ಕಡಿದಿದ್ದರು. ಫೌಜಿನ ವಿಮಾನದ ತಂತಿ ಕೊಯ್ಯುವ ಹಾಗೆ ಕಟ್ಟಿದವನು ಇವನೇ ಅಂದರೆ, ಬೇಕಂತಲೇ ಮಾಡಿದ ಅಂತ ಜೈಲಿಗೆ ಹಾಕುವುದು ಎಷ್ಟು ಹೊತ್ತಿನ ಮಾತು? ಈಗಷ್ಟೇ ಉಳಿದ ಜೀವ ಅದು, ಹೆದರಿತು.

ವಿಮಾನ ಬಿಟ್ಟು ಪೈಲಟ್ ಎಲ್ಲೂ ಹೋಗುವಂತಿಲ್ಲ. ಆಗಲೇ ಸುತ್ತಲ ಹಳ್ಳಿಯ ಜನ ಸೇರಿ ರೆಕ್ಕೆ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಸಣ್ಣಬಸಪ್ಪನವರು ಒಂದು ಚೀಟಿ ಬರೆದು ಮಾವನ ಕೈಗೆ ಕೊಟ್ಟರು. ಮಡಕಶಿರಕ್ಕೆ ಹೋಗಿ ಮೈದಾನಕ್ಕೆ ತಂತಿ, ಅಂದರೆ ಟೆಲಿಗ್ರಾಂ, ಕಳಿಸಬೇಕು. 'ಗುಡಿಬಂಡೆ ಬಳಿ ಇಳಿದಿದ್ದೇವೆ, ಇಬ್ಬರೂ ಕ್ಷೇಮ' ಅಂತ ಇಷ್ಟೇ. ದೊಡ್ಡರಂಗಪ್ಪ ಗಾಡಿ ಕಟ್ಟಿ ತಾನೇ ಬರುತ್ತೇನೆ ಅಂದ.

ರಸ್ತೆಯವರೆಗೂ ಗಾಡಿ ನಿಧಾನಕ್ಕೆ ಹೋಯಿತು. ದೊಡ್ಡರಂಗಪ್ಪ ಸುಮ್ಮನಿರುವ ಪೈಕಿ ಅಲ್ಲ.

"ಅಲ್ಲಪ್ಪಾ, ಅಂಗ್ಯಾಕೆ ಒತ್ಕಂಡ್ತು ಅದು?"

ಸಾಹೇಬರಿಗೆ ಹೇಳದ ಮಾತನ್ನು ಮಾವ ಈ ರೈತನಿಗೆ ಹೇಳಿದ. ಯಾಕೆ ಅಂತ ಅವನಿಗೂ ಗೊತ್ತಿಲ್ಲ. ಗುರುತು ಪರಿಚಯ ಇಲ್ಲದವರ ಮುಂದೆ ಮಾತು ಸಲೀಸಾಗಿ ಬರುತ್ತದೆ. ತಾನೇ ಕಟ್ಟಿದ್ದು, ಬಿಗಿಯಾಗಿ ಕಟ್ಟಿದ್ದು, ಅದು ತಂತಿ ಕೊಯ್ದದ್ದು, ಎಲ್ಲ ಹೇಳಿದ.

"ಅಷ್ಟೇನಾ? ಕಣ್ಣಿ ಬಿಗಿಯಾದ್ರೆ ಎತ್ತಿನ್ ಕುತ್ಗೆನೂ ಉಣ್ಣಾಯ್ತದೆ" ಅಂದ ದೊಡ್ಡರಂಗಪ್ಪ. ಸ್ವಲ್ಪ ದೂರ ಹೋದ ಮೇಲೆ ಕೇಳಿದ: "ಇದೊಂದುಕ್ಕೇ ಕಟ್ಟಿದ್ದಾ, ಬೇರೇವ್ಕೂ ಕಟ್ಟಿದ್ಯಾ?"

ಮಾವ ಗಾಡಿಯಲ್ಲಿ ನೆಟ್ಟಗೆ ಎದ್ದು ಕೂತ. ಹನ್ನೆರಡರಲ್ಲಿ ಒಂದು ಹೋದರೆ ಹನ್ನೊಂದು. ಹನ್ನೊಂದು ವಿಮಾನ, ಹನ್ನೊಂದು ಹುಡುಗರು, ಮೂರು ಗಂಟೆಗೆ, ಇದೇ ಬಂಡೆಗಳ ಮೇಲೆ. ಒಬ್ಬೊಬ್ಬರೇ. ಹಿಂದಿನ ಸೀಟಿನಲ್ಲಿ ಕೂತು ಇದು ರೇಷ್ಮೆ, ಇದು ಎಂಜಿನ್ನಲ್ಲ ಅಂತ ಕೂಗಿ ಹೇಳಲು ಯಾರೂ ಇರುವುದಿಲ್ಲ. ಅಷ್ಟು ಹೊತ್ತೂ ತನ್ನ ಕುತ್ತಿಗೆಯನ್ನೇ ತಾನು ನೋಡಿಕೊಂಡದ್ದಕ್ಕೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

"ಗಾಡಿ ಹೊಡೀರಿ ಗೌಡ್ರ! ಜಲ್ದಿ ಹೊಡೀರಿ!"

ರಸ್ತೆಗೆ ಬಂದು ಕೂತರೆ ಬಸ್ಸು ಇಲ್ಲ. ಬಂದಾಗ ಹನ್ನೆರಡೂವರೆ. ಲಡಾಯಿಯ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳಿಗೆ ಇದ್ದಿಲ ಒಲೆ ಕಟ್ಟಿದ್ದರು. ಏರು ಬಂದರೆ ಅದು ಕೆಮ್ಮಿ ನಿಲ್ಲುವುದು, ಜನ ಇಳಿದು ತಳ್ಳುವುದು. ಮಾವ ಬೊಬ್ಬೆ ಎದ್ದ ಕೈಯಿಂದ ತಳ್ಳಿದ. ದೊಡ್ಡರಂಗಪ್ಪ ಉಳಿದವರನ್ನೆಲ್ಲ ಬೈದು ಬೈದು ತಳ್ಳಿಸಿದ. ಮಡಕಶಿರದ ಪೋಸ್ಟಾಫೀಸಿನ ಕಟ್ಟೆ ಹತ್ತಿದಾಗ ಗಡಿಯಾರ ಎರಡು ಗಂಟೆಗೆ ಇಪ್ಪತ್ತು ನಿಮಿಷ ಬಾಕಿ ತೋರಿಸುತ್ತಿತ್ತು.

ತಂತಿ ಮಾಸ್ತರರು ವಯಸ್ಸಾದವರು, ತೆಲುಗಿನವರು. ಮಾವ ಸಾಹೇಬರ ಚೀಟಿಯ ಕೆಳಗೆ ತನ್ನ ಕೈಯಿಂದ ಎರಡು ಸಾಲು ಸೇರಿಸಿ ಕೊಟ್ಟ. ಬೆಂಕಿಗೆ ಕಾರಣ ನಾನು ಕಟ್ಟಿದ ರೇಷ್ಮೆ. ಉಳಿದ ಹನ್ನೊಂದನ್ನೂ ಹಾರಿಸಬೇಡಿ, ಕಟ್ಟು ಕೊಯ್ದು ನೋಡಿ. ಕೆಳಗೆ ತನ್ನ ಹೆಸರು, ನಂಬರು.

ಮಾಸ್ತರರು ಓದಿ ಕನ್ನಡಕದ ಮೇಲಿಂದ ನೋಡಿದರು. "ಬಾಬು, ಇದು ನಿನ್ನ ತಲೆಗೆ ನೀನೇ ತಂದ್ಕೊಳ್ಳೋದು. ವಿಮಾನದ ತಂತಿ ನೋಡಿ ಅಂತ ಮಾತ್ರ ಹಾಕು. ಹೆಸರು ಯಾಕೆ?"

"ಹೆಸರು ಇದ್ರ ಜಲ್ದಿ ಹುಡುಕ್ತಾರ್ರಿ. ನಾ ಕಟ್ಟಿದ್ದು ಯಾವ್ಯಾವು ಅಂತ ರಿಜಿಸ್ಟರಿನಾಗ ಐತ್ರಿ. ಹೆಸರಿಲ್ದ ಮಾತು ಯಾರ್ ನಂಬ್ತಾರ್ರಿ? ಕಳಸ್ರಿ, ನಿಮ್ಮ ಕಾಲು ಹಿಡಕೋತೀನಿ."

ಮಾಸ್ತರರು ಬೇರೆಲ್ಲ ತಂತಿಗಳನ್ನು ಪಕ್ಕಕ್ಕೆ ಸರಿಸಿ ಇದನ್ನು ಮೊದಲು ಕಟಕಟ ಬಡಿದರು. "ಹೋಯ್ತು. ತಲುಪೋದು ದೇವರ ಕೈಲಿದೆ" ಅಂದರು.

ಆಮೇಲೆ ಕಾಯುವುದು. ಎರಡೂವರೆ ಆಯಿತು. ಎರಡೂ ಮುಕ್ಕಾಲು ಆಯಿತು. ಅಲ್ಲಿ ತಂತಿ ಯಾರ ಕೈಗೆ ಹೋಯಿತೋ, ಊಟಕ್ಕೆ ಹೋದ ಗುಮಾಸ್ತನ ಮೇಜಿನ ಮೇಲೇ ಬಿದ್ದಿದೆಯೋ. ಮೂರು ಹೊಡೆಯಿತು. ಮಾವ ಹೊರಗೆ ಬಂದು ಆಕಾಶ ನೋಡುತ್ತ ನಿಂತ. ಹೊರಟಿದ್ದರೆ ಮುಕ್ಕಾಲು ಗಂಟೆಗೆ ಮೊದಲನೆಯದು ಈ ಕಡೆ ಕಾಣಬೇಕು. ಹದ್ದು ಕಂಡರೂ ಅವನ ಜೀವ ಬಾಯಿಗೆ ಬರುತ್ತಿತ್ತು. ಎಷ್ಟು ದೇವರಿಗೆ ಹರಕೆ ಹೊತ್ತೆನೋ ಲೆಕ್ಕವಿಲ್ಲ, ನೇಮಕಲ್ಲು ಆಂಜನೇಯನಿಗಂತೂ ಎರಡು ಸಲ ಹೊತ್ತೆ ಅನ್ನುತ್ತಿದ್ದ. ದೊಡ್ಡರಂಗಪ್ಪ ಪಕ್ಕದಲ್ಲಿ ನಿಂತಿದ್ದ.

ನಾಲ್ಕಕ್ಕೆ ಇಪ್ಪತ್ತು ನಿಮಿಷ ಇರುವಾಗ ಒಳಗೆ ಯಂತ್ರ ಕಟಕಟ ಅಂದಿತು. ಮಾಸ್ತರರು ಬರೆದುಕೊಳ್ಳುತ್ತಿದ್ದವರು ಪೂರ್ತಿಯಾಗುವ ಮೊದಲೇ ತಲೆ ಎತ್ತಿ ಕೂಗಿದರು. "ಬಾಬೂ! ಹನ್ನೊಂದೂ ನೆಲದ ಮೇಲೇ ಇವೆಯಂತೆ! ಒಂದೂ ಹಾರಿಲ್ಲ!"

ಆಮೇಲೆ ಕಾಗದ ಕೊಟ್ಟರು. ಹನ್ನೊಂದನ್ನೂ ನಿಲ್ಲಿಸಲಾಗಿದೆ. ಎರಡರಲ್ಲಿ ತಾಮ್ರ ಹೊರಗೆ ಕಾಣುತ್ತಿತ್ತು. ಇದ್ದಲ್ಲೇ ಇರಿ, ಲಾರಿ ಬರುತ್ತಿದೆ.

ಮಾವ ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಕುಸಿದು ಕೂತು ಗೊಳೋ ಅಂತ ಅತ್ತ. ಹಾದಿಯಲ್ಲಿ ಹೋಗುವವರೆಲ್ಲ ಯಾರೋ ಸತ್ತರು ಅಂದುಕೊಂಡು ನಿಂತರು. "ಯಾರೂ ಸತ್ತಿಲ್ಲ, ಓಗ್ರಯ್ಯಾ! ಯಾರೂ ಸಾಯ್ನಿಲ್ಲ ಅಂತ್ಲೇ ಅಳ್ತಾವ್ನೆ" ಅಂತ ದೊಡ್ಡರಂಗಪ್ಪ ಗದರಿಸಿದ. ಗದರಿಸಿದವನ ಕಣ್ಣೂ ಒದ್ದೆಯಾಗಿತ್ತು.

ಹೊಲಕ್ಕೆ ವಾಪಸು ಬಂದಾಗ ಹೊತ್ತು ಇಳಿದಿತ್ತು. ಓಬಳಮ್ಮ ವಿಮಾನದ ರೆಕ್ಕೆಯ ಪಕ್ಕದಲ್ಲೇ ಮೂರು ಕಲ್ಲು ಹೂಡಲು ಹೋಗಿದ್ದಳಂತೆ, ಸಣ್ಣಬಸಪ್ಪನವರು ಕೈಮುಗಿದು ಅಲ್ಲಿ ಬೇಡವ್ವ ಅಂತ ಬದುವಿನ ಆಚೆಗೆ ಕಳಿಸಿದ್ದರು. ಅಲ್ಲಿ ಅವರೆಕಾಳಿನ ಸಾರು ಕುದಿಯುತ್ತಿತ್ತು. ಮಾವ ಯಾವ ಪೀಠಿಕೆಯೂ ಇಲ್ಲದೆ ಸಾಹೇಬರ ಮುಂದೆ ಹೋಗಿ ನಿಂತ.

"ಸಾಹೇಬ್ರ, ಮುಂಜಾನೆ ನಿಮಗ ಸುಳ್ಳು ಹೇಳಿದೆನ್ರಿ. ಏನಾಗಿತ್ತಂತ ನನಗ ಗೊತ್ತಿತ್ರಿ." ಹೇಳಿ, ಜೇಬಿನಿಂದ ಸುಟ್ಟ ತಂತಿಯ ಕಟ್ಟನ್ನೂ ಮೈದಾನದಿಂದ ಬಂದ ಕಾಗದವನ್ನೂ ಒಟ್ಟಿಗೆ ಕೊಟ್ಟ.

ಸಣ್ಣಬಸಪ್ಪನವರು ಓದಿದರು. ಎರಡನೇ ಸಲ ಓದಿದರು. 'ಎರಡರಲ್ಲಿ' ಅನ್ನುವಲ್ಲಿ ಬೆರಳಿಟ್ಟರು. ಆಮೇಲೆ ಬದುವಿನ ಮೇಲೆ ಕೂತು, ಬೆರಳು ಮಡಚುತ್ತ ತಮ್ಮ ಹುಡುಗರ ಹೆಸರು ಒಂದೊಂದಾಗಿ ಹೇಳಿಕೊಂಡರು. ಮೂರು ಗಂಟೆಗೆ ಯಾರು, ಮೂರೂ ಐದಕ್ಕೆ ಯಾರು, ಮೂರೂ ಹತ್ತಕ್ಕೆ ಯಾರು. ಹತ್ತು ಬೆರಳೂ ಮುಗಿದು ಒಂದು ಹೆಸರು ಉಳಿಯಿತು. ಎಲ್ಲರಿಗಿಂತ ಚಿಕ್ಕವನು, ಹತ್ತೊಂಬತ್ತು ವರ್ಷದವನು, ಅವತ್ತು ಮೊದಲ ಸಲ ಒಬ್ಬನೇ ಅಷ್ಟು ದೂರ ಹಾರಬೇಕಾಗಿದ್ದವನು.

"ತಾರಿನಾಗ ನಿನ್ನ ಹೆಸರು ಹಾಕೀಯೇನು?"

"ಹಾಕೀನ್ರಿ."

"ಶಿಕ್ಷೆ ಆಗ್ತೈತಿ."

"ಆಗ್ಲ್ರಿ."

ಸಣ್ಣಬಸಪ್ಪನವರು ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದು ಬದುವಿನ ಮೇಲೆ ಜಾಗ ಮಾಡಿದರು. "ನನಗ ಸುಳ್ಳು ಹೇಳಿದ್ದಕ್ಕ ನಾಳೆ ಬೈತೀನಿ. ಹನ್ನೊಂದು ಮಂದಿ ತಾಯಂದಿರು ಇವತ್ತು ಮನಿಯಾಗ ಉಣ್ಣಾಕತ್ಯಾರ. ನೀನೂ ಉಣ್ಣು, ಬಾ."

ಓಬಳಮ್ಮ ಇಬ್ಬರಿಗೂ ಎಲೆ ಹಾಕಿ ಮುದ್ದೆ ಇಟ್ಟಳು. ಮಾವನ ಕೈ ಬೊಬ್ಬೆಯಿಂದ ಊದಿ ಮುದ್ದೆ ಮುರಿಯಲು ಆಗುತ್ತಿರಲಿಲ್ಲ. ಸಣ್ಣಬಸಪ್ಪನವರು ಮುರಿದು, ಸಾರಿನಲ್ಲಿ ಅದ್ದಿ, ಒಂದೊಂದೇ ತುತ್ತು ಅವನ ಬಾಯಿಗೆ ಇಟ್ಟರು.